ಬುಡ್ಡಿ ದೀಪದಿಂದ ಪೆಟ್ರೋಲ್ ಬಂಕಿನವರೆಗೆ: ನೂರು ವರ್ಷದ ಒಂದು ಲೆಕ್ಕ

ಇದು ಉದ್ದದ ಪೋಸ್ಟು. ಪುರುಸೊತ್ತು ಮಾಡಿಕೊಂಡು ಪೂರ್ತಿ ಓದಿ, ಆಮೇಲೆ ಜಗಳ ಆಡೋಣ.

ಮೊನ್ನೆ ಬೆಳಿಗ್ಗೆ ಆರೂವರೆಗೆ ನಮ್ಮೂರ ಗೇಟಿನ ಹತ್ತಿರ ನಿಂತಿದ್ದೆ. ಕೋಲಾರದ ಕಡೆ ಟೊಮ್ಯಾಟೊ ಕೀಳೋಕೆ ಹೋಗೋ ನಮ್ಮ ಹಟ್ಟಿಯ ಹೆಣ್ಣುಮಕ್ಕಳು ಅಲ್ಲೇ ಗಾಡಿ ಹತ್ತೋದು. ಹನ್ನೆರಡು ಜನ ಹಿಡಿಸೋ ಟಾಟಾ ಏಸ್‌ಗೆ ಇಪ್ಪತ್ತು ಜನ. ಸರ್ಕಾರಿ ಬಸ್ಸು ಫ್ರೀ ಇದೆಯಲ್ಲ ಅಂತ ಕೇಳಬೇಡಿ, ಆ ಹೊತ್ತಿಗೆ ಆ ತೋಟದ ದಾರಿಗೆ ಯಾವ ಬಸ್ಸೂ ಇಲ್ಲ. ಡ್ರೈವರ್ ಹುಡುಗ ನಮ್ಮವನೇ. ಮುಖ ಬೇರೆ ಕಡೆ ತಿರುಗಿಸಿಕೊಂಡು, "ಇವತ್ತಿಂದ ಐದು ರೂಪಾಯಿ ಜಾಸ್ತಿ ಕಣಕ್ಕಾ, ಡೀಸೆಲ್ ಏರುಸವ್ರೆ" ಅಂದ. ಹಿಂದೆ ಕೂತಿದ್ದ ದೊಡ್ಡಮ್ಮ ಒಬ್ಬರು, "ಡೀಸೆಲ್‌ಗೆ ಬಂಕಿನಾಗೆ ರೇಟು ಏರುಸ್ತಾರೆ, ನಮ್ ಕೂಲಿಗೆ ಯಾವ ಬಂಕಿನಾಗೆ ಏರುಸ್ತಾರಪ್ಪಾ?" ಅಂದರು. ಎಲ್ಲರೂ ನಕ್ಕರು. ಗಾಡಿ ಹೊರಟಿತು.

2025ರ ಏಪ್ರಿಲ್ ಶುರುವಾಗಿ ಎಂಟು ದಿನದೊಳಗೆ ಏನೇನಾಯ್ತು ನೋಡಿ. ಒಂದನೇ ತಾರೀಕು ನಮ್ಮ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನ ಶೇ 18.4ರಿಂದ ಶೇ 21.17ಕ್ಕೆ ಏರಿಸಿತು, ಲೀಟರಿಗೆ 2 ರೂಪಾಯಿ ಜಾಸ್ತಿ. ಅದೇ ದಿನ ನಂದಿನಿ ಹಾಲಿಗೆ 4 ರೂಪಾಯಿ. ಎಂಟನೇ ತಾರೀಕು ಕೇಂದ್ರ ಸರ್ಕಾರ ಗ್ಯಾಸ್ ಸಿಲಿಂಡರಿಗೆ 50 ರೂಪಾಯಿ ಏರಿಸಿತು, ಉಜ್ವಲದವರನ್ನೂ ಬಿಡಲಿಲ್ಲ. ಅದೇ ದಿನ ಪೆಟ್ರೋಲ್ ಡೀಸೆಲ್ ಮೇಲೆ ಲೀಟರಿಗೆ 2 ರೂಪಾಯಿ ಎಕ್ಸೈಸ್. ಇದನ್ನ ಕಂಪನಿಗಳೇ ನುಂಗಿಕೊಳ್ಳುತ್ತವೆ, ಬಂಕಿನ ರೇಟು ಏರಲ್ಲ ಅಂತ ಹೇಳಿದರು. ಆಗ ಕಚ್ಚಾತೈಲದ ರೇಟು ಬಿದ್ದಿತ್ತು, ನಮಗೆ ಇಳಿಯಬೇಕಿದ್ದ ಎರಡು ರೂಪಾಯಿ ಅಲ್ಲೇ ಮೇಲಿನಿಂದ ಮೇಲೆ ಹೋಯಿತು ಅಂತ ಅದರ ಅರ್ಥ. ಈ ಆಟದ ಕತೆಗೆ ಆಮೇಲೆ ಬರ್ತೀನಿ.

ಇದು ನಿನ್ನೆ ಮೊನ್ನೆ ಹುಟ್ಟಿದ ತೆರಿಗೆ ಅಲ್ಲ. ಇದರ ಬೇರು ಹುಡುಕಿಕೊಂಡು ಹೋದರೆ ನಮ್ಮ ಅಜ್ಜಿಯ ಸೀಮೆಎಣ್ಣೆ ಬುಡ್ಡಿಯ ಹತ್ತಿರ ಹೋಗಿ ನಿಲ್ಲುತ್ತೆ.

ಮೋಟಾರು ಗಾಡಿಗಳು ಇನ್ನೂ ಸಾಹೇಬರ, ದೊರೆಗಳ ಹತ್ತಿರ ಮಾತ್ರ ಇದ್ದ ಕಾಲ. ಮೊದಲ ಮಹಾಯುದ್ಧ ನಡೀತಿದ್ದಾಗ, 1917ರಲ್ಲಿ, ಬ್ರಿಟಿಷ್ ಸರ್ಕಾರ ಮೋಟಾರ್ ಸ್ಪಿರಿಟ್ ಅಂದರೆ ಪೆಟ್ರೋಲ್ ಮೇಲೆ ಸುಂಕದ ಕಾಯ್ದೆ ತಂದಿತು. ಸರಿ, ಕಾರು ಇದ್ದವನು ಕೊಡಲಿ. ಆದರೆ ಯುದ್ಧ ಮುಗಿದ ಮೇಲೂ ಖಜಾನೆ ಖಾಲಿ. 1922ರ ಬಜೆಟ್ಟಿನಲ್ಲಿ ಉಪ್ಪಿನ ತೆರಿಗೆಯನ್ನ ಡಬಲ್ ಮಾಡೋಕೆ ಹೊರಟರು, ಜೊತೆಗೆ ಸೀಮೆಎಣ್ಣೆಯ ಮೇಲೆ ಗ್ಯಾಲನ್ನಿಗೆ ಒಂದಾಣೆ ಎಕ್ಸೈಸ್ ಹಾಕಿದರು. ದಿಲ್ಲಿಯ ಶಾಸನಸಭೆಯಲ್ಲಿ ಉಪ್ಪಿಗೆ ದೊಡ್ಡ ಗಲಾಟೆ ಆಗಿ ಅದು ಆ ವರ್ಷ ಬಿದ್ದೋಯ್ತು. ಸೀಮೆಎಣ್ಣೆಯ ಒಂದಾಣೆ ಮಾತ್ರ ಪಾಸಾಯಿತು. ಎಂಟು ವರ್ಷ ಕಳೆದ ಮೇಲೆ ಉಪ್ಪಿಗೆ ದಂಡಿ ಯಾತ್ರೆ ಸಿಕ್ಕಿತು, ಪಠ್ಯಪುಸ್ತಕದಲ್ಲಿ ಪಾಠ ಸಿಕ್ಕಿತು. ಸೀಮೆಎಣ್ಣೆಗೆ ಯಾರೂ ನಡೆಯಲಿಲ್ಲ.

ಆಗ ಸೀಮೆಎಣ್ಣೆ ಉರಿಸ್ತಿದ್ದವರು ಯಾರು? ನಮ್ಮ ಜಿಲ್ಲೆಯ ಕತೆಯನ್ನೇ ತಗೊಳ್ಳಿ. ಶಿವನಸಮುದ್ರದಲ್ಲಿ ಕರೆಂಟು ತಯಾರು ಮಾಡಿ 1902ರಲ್ಲೇ ನೂರೈವತ್ತು ಕಿಲೋಮೀಟರ್ ಹತ್ತಿರ ತಂತಿ ಎಳೆದು ಕೆಜಿಎಫ್ ಚಿನ್ನದ ಗಣಿಗೆ ತಂದರು. ಬೆಂಗಳೂರಿಗೆ ಬೀದಿದೀಪ ಬರೋಕೂ ಮೂರು ವರ್ಷ ಮುಂಚೆ. ದೇಶದಲ್ಲೇ ದೊಡ್ಡ ಸಾಧನೆ ಅಂತ ಈಗಲೂ ಹೆಮ್ಮೆಯಿಂದ ಬರೀತಾರೆ, ಬರೀಲಿ. ಆ ಗಣಿಯೊಳಗೆ ಇಳಿದು ಸಿಲಿಕೋಸಿಸ್ ಹತ್ತಿಸಿಕೊಂಡವರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ನಮ್ಮ ಜನ. ಆ ತಂತಿ ಹಾದುಹೋದ ದಾರಿಯ ಹೊಲಗೇರಿ ಮಾದಿಗರ ಹಟ್ಟಿಗಳಲ್ಲಿ ಕರೆಂಟು ನೋಡೋಕೆ ಎರಡು ಮೂರು ತಲೆಮಾರು ಕಾಯಬೇಕಾಯ್ತು. ಭಾಗ್ಯಜ್ಯೋತಿ ಅಂತ ಬಂದಾಗಲೂ ಮನೆಗೆ ಒಂದೇ ಬಲ್ಬು. ನಾನು ಏಳನೇ ಕ್ಲಾಸಿನವರೆಗೆ ಓದಿದ್ದು ಬುಡ್ಡಿ ಬೆಳಕಲ್ಲೇ. ಬೆಳಿಗ್ಗೆ ಎದ್ದು ಮೂಗು ಸೀನಿದರೆ ಕಪ್ಪು ಬರ್ತಿತ್ತು, ಇದನ್ನ ಓದ್ತಾ ಇರೋ ನಿಮ್ಮಲ್ಲಿ ಎಷ್ಟೋ ಜನಕ್ಕೆ ಅದು ಗೊತ್ತು.

ಅಂದರೆ ಕರೆಂಟು ಇದ್ದವನು ಆ ಒಂದಾಣೆ ಕೊಡಲಿಲ್ಲ. ಕತ್ತಲೆಯಲ್ಲಿದ್ದವನು ಕೊಟ್ಟ. ಮೈಸೂರು ಸಂಸ್ಥಾನದಲ್ಲಿದ್ದ ನಮಗೂ ಎಣ್ಣೆ ಬರ್ತಿದ್ದದ್ದು ಬ್ರಿಟಿಷರ ಬಂದರು ದಾಟಿಯೇ, ಹಾಗಾಗಿ ಮಹಾರಾಜರ ಪ್ರಜೆಗಳಾದ ನಾವೂ ತಪ್ಪಿಸಿಕೊಳ್ಳಲಿಲ್ಲ.

ಇನ್ನು ರಸ್ತೆ ಸೆಸ್ಸು. ಇದು ಗಡ್ಕರಿಯವರ ಕಾಲದ್ದು ಅಂದ್ಕೊಂಡಿದ್ದೀರಾ? ಅಲ್ಲ. 1927ರಲ್ಲಿ ಎಂ.ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ರಸ್ತೆ ಸಮಿತಿ ಆಯ್ತು. 1929ರಲ್ಲಿ ಪೆಟ್ರೋಲ್ ಮೇಲಿನ ಸುಂಕವನ್ನ ಗ್ಯಾಲನ್ನಿಗೆ ನಾಲ್ಕಾಣೆಯಿಂದ ಆರಾಣೆಗೆ ಏರಿಸಿ, ಆ ಎರಡಾಣೆಯನ್ನ ರಸ್ತೆ ನಿಧಿ ಅಂತ ಬೇರೆ ಇಟ್ಟರು. ಆಗ ಆ ನಿಧಿಯನ್ನ ಯಾವ ಪ್ರಾಂತ್ಯದಲ್ಲಿ ಎಷ್ಟು ಪೆಟ್ರೋಲ್ ಖರ್ಚಾಗುತ್ತೆ ಅಂತ ನೋಡಿ ಪ್ರಾಂತ್ಯಗಳಿಗೆ ಹಂಚುತ್ತಿದ್ದರು. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ಆ ರಸ್ತೆಗಳು ಊರೊಳಗೆ ಬಂದು ಹಟ್ಟಿಯ ಮುಂದೆ ನಿಂತುಬಿಡ್ತಿದ್ದವು ಅನ್ನೋದು ಬೇರೆ ಮಾತು. ನಮ್ಮ ಹಟ್ಟಿಗೆ ಕಾಂಕ್ರೀಟ್ ಬಿದ್ದು ಇನ್ನೂ ಹತ್ತು ವರ್ಷ ಆಗಿಲ್ಲ.

ಕೇಂದ್ರವೂ ರಾಜ್ಯವೂ ಒಂದೇ ಪೆಟ್ರೋಲಿಗೆ ಎರಡೆರಡು ತೆರಿಗೆ ಹಾಕೋದು ಯಾವಾಗ ಶುರುವಾಯ್ತು? 1938ರಲ್ಲಿ ಸೆಂಟ್ರಲ್ ಪ್ರಾವಿನ್ಸಸ್ ಮತ್ತು ಬೇರಾರ್, ಅಂದರೆ ಈಗಿನ ಮಧ್ಯಪ್ರದೇಶ ಮತ್ತು ವಿದರ್ಭದ ಕಡೆಯ ಪ್ರಾಂತ್ಯ ಸರ್ಕಾರ, ಪೆಟ್ರೋಲಿನ ಚಿಲ್ಲರೆ ಮಾರಾಟಕ್ಕೆ ತೆರಿಗೆ ಹಾಕಿತು. ಎಕ್ಸೈಸ್ ನಮ್ಮದು, ನೀವು ಹೆಂಗೆ ಹಾಕ್ತೀರಿ ಅಂತ ಕೇಂದ್ರ ತಕರಾರು ತೆಗೀತು. ಆಗ ತಾನೇ ಹುಟ್ಟಿದ್ದ ಫೆಡರಲ್ ಕೋರ್ಟಿನ ಮುಂದೆ ಬಂದ ಮೊಟ್ಟಮೊದಲ ವಿಚಾರಣೆ ಇದೇ. ತಯಾರಿಕೆಗೆ ಹಾಕೋದು ಎಕ್ಸೈಸ್, ಮಾರಾಟಕ್ಕೆ ಹಾಕೋದು ಬೇರೆ, ಇಬ್ಬರೂ ಹಾಕಬಹುದು ಅಂತ ಮುಖ್ಯ ನ್ಯಾಯಮೂರ್ತಿ ಮೌರಿಸ್ ಗ್ವಯರ್ ಅವರ ಪೀಠ ಹೇಳಿತು. ಆ ಪೀಠದಲ್ಲಿ ಕೂತಿದ್ದ ಮೂವರಲ್ಲಿ ಒಬ್ಬರು ಅದೇ ಜಯಕರ್! ಈ ದೇಶದ ಪೆಟ್ರೋಲ್ ತೆರಿಗೆಯ ಎರಡು ತಿರುವಲ್ಲೂ ಒಬ್ಬರೇ ಮನುಷ್ಯ ಇದ್ದರು ಅನ್ನೋದು ಮಜಾ ಅನ್ನಿಸುತ್ತೆ. ಸಂವಿಧಾನ ಬಂದ ಮೇಲೂ ಇದೇ ಏರ್ಪಾಡು ಮುಂದುವರೀತು. 2017ರಲ್ಲಿ ಜಿಎಸ್‌ಟಿ ಬಂದಾಗ ಪೆಟ್ರೋಲ್, ಡೀಸೆಲ್, ಕಚ್ಚಾತೈಲ, ನೈಸರ್ಗಿಕ ಅನಿಲ, ವಿಮಾನದ ಇಂಧನ ಈ ಐದನ್ನ ಹೊರಗಿಟ್ಟರು. ಇಬ್ಬರಿಗೂ ಹಾಲು ಕೊಡೋ ಹಸು ಅದು, ಒಂದೇ ಗೂಟಕ್ಕೆ ಕಟ್ಟೋಕೆ ಇಬ್ಬರಿಗೂ ಮನಸ್ಸಿಲ್ಲ. ನಮ್ಮ ರಾಜ್ಯದ ತೆರಿಗೆ ಶೇಕಡಾ ಲೆಕ್ಕದ್ದು. ಕೇಂದ್ರದ ಎಕ್ಸೈಸ್ ಸೇರಿದ ಬೆಲೆಯ ಮೇಲೆ ಅದು ಕೂರುತ್ತೆ. ಅಂದರೆ ತೆರಿಗೆಯ ಮೇಲೆ ತೆರಿಗೆ.

ಈಗ ಬಾಬಾಸಾಹೇಬರ ಹತ್ತಿರ ಬರೋಣ.

ಇನ್ನೇನು ಜಯಂತಿ ಬಂತು. ನಾವು ಅವರನ್ನ ಸಂವಿಧಾನದ ಜೊತೆ, ಮಹಾಡ್ ಕೆರೆಯ ಜೊತೆ ನೆನೀತೀವಿ. ಅವರು ಕೊಲಂಬಿಯಾದಲ್ಲಿ ಪಿಎಚ್‌ಡಿಗೆ ಬರೆದದ್ದು ಏನು ಗೊತ್ತಾ? ಬ್ರಿಟಿಷ್ ಇಂಡಿಯಾದಲ್ಲಿ ಪ್ರಾಂತ್ಯಗಳ ಹಣಕಾಸು ಹೇಗೆ ಬೆಳೆಯಿತು ಅಂತ. 1925ರಲ್ಲಿ ಪುಸ್ತಕ ಆಯ್ತು, ಅವರ ಗುರು ಸೆಲಿಗ್‌ಮನ್ ಮುನ್ನುಡಿ ಬರೆದರು. 1833ರಲ್ಲಿ ಎಲ್ಲ ಹಣ ಕಲ್ಕತ್ತಾದ ಕೈಗೆ ಹೋದದ್ದು, 1871ರಿಂದ ಪ್ರಾಂತ್ಯಗಳಿಗೆ ಇಷ್ಟಿಷ್ಟೇ ಹಣ ಬಿಟ್ಟುಕೊಟ್ಟದ್ದು, ಯಾವ ಬಾಬ್ತು ಯಾರದು, ಹಂಚಿಕೊಳ್ಳೋ ಬಾಬ್ತು ಯಾವುದು, ಈ ಎಲ್ಲದರ ಲೆಕ್ಕ ಅದರಲ್ಲಿದೆ. ಭೂಕಂದಾಯ, ಉಪ್ಪು ಇಂಥ ತೆರಿಗೆಗಳ ಭಾರ ಬಡವನ ಬೆನ್ನ ಮೇಲೆ ಹೇಗೆ ಬಿತ್ತು ಅನ್ನೋದೂ ಇದೆ. ಓದೋಕೆ ಕಷ್ಟದ ಪುಸ್ತಕ. ನಾನು ಮೂರು ಸಲ ಕೈಬಿಟ್ಟು ನಾಲ್ಕನೇ ಸಲ ಮುಗಿಸಿದೆ.

ಅದಕ್ಕಿಂತ ಸುಲಭವಾದದ್ದು ಅವರು 1927ರ ಫೆಬ್ರವರಿ 24ರಂದು ಬಾಂಬೆ ಶಾಸನಸಭೆಯಲ್ಲಿ ಬಜೆಟ್ ಮೇಲೆ ಮಾಡಿದ ಭಾಷಣ. ಸಭೆಗೆ ಬಂದು ವಾರ ಆಗಿತ್ತಷ್ಟೆ. ಅಲ್ಲಿ ಅವರು ಎತ್ತಿದ ಪ್ರಶ್ನೆಯ ಸಾರ ಇಷ್ಟು: ಆದಾಯ ತೆರಿಗೆಗೆ ಒಂದು ಮಿತಿ ಇದೆ, ಅದಕ್ಕಿಂತ ಕಡಿಮೆ ದುಡಿಯೋನಿಗೆ ಮಾಫಿ. ಭೂಕಂದಾಯಕ್ಕೆ ಅಂಥ ಮಿತಿ ಯಾಕಿಲ್ಲ? ಒಂದೆಕರೆ ಬಡ ರೈತನೂ ದೊಡ್ಡ ಜಹಗೀರುದಾರನೂ ಒಂದೇ ದರದಲ್ಲಿ ಯಾಕೆ ಕಟ್ಟಬೇಕು? ಬೆಳೆ ಬಂದರೂ ಬರದಿದ್ದರೂ ಯಾಕೆ ಕಟ್ಟಬೇಕು?

ಆ ಪ್ರಶ್ನೆಯಲ್ಲಿ ಭೂಕಂದಾಯ ತೆಗೆದು ಡೀಸೆಲ್ ಅಂತ ಇಟ್ಟು ನೋಡಿ. 2025ರ ಬಜೆಟ್ಟಿನಲ್ಲಿ ವರ್ಷಕ್ಕೆ 12 ಲಕ್ಷ ದುಡಿಯೋನಿಗೆ ಆದಾಯ ತೆರಿಗೆ ಇಲ್ಲ ಅಂದರು. ಟಿವಿಯವರು ಕುಣಿದಾಡಿದರು. ನಮ್ಮ ಗೇಟಿನ ಟಾಟಾ ಏಸ್‌ನಲ್ಲಿ ಕೂತ ದೊಡ್ಡಮ್ಮನಿಗೆ ಮಿತಿ ಎಲ್ಲಿದೆ? ನರೇಗಾ ಕೂಲಿ 2025ರಲ್ಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 370 ರೂಪಾಯಿ ಇತ್ತು, ಅದೂ ಕೆಲಸ ಸಿಕ್ಕಿದರೆ. ಅವರ ಆ ಐದು ರೂಪಾಯಿಯಲ್ಲೂ ದಿಲ್ಲಿಗೆ ಒಂದು ಪಾಲು, ಬೆಂಗಳೂರಿಗೆ ಒಂದು ಪಾಲು. ಸಂಜೆ ಅಂಗಡಿಯಲ್ಲಿ ಬೇಳೆ, ಈರುಳ್ಳಿ ತಗೊಂಡರೆ ಲಾರಿ ಬಾಡಿಗೆಯೊಳಗೆ ಮತ್ತೆ ಅದೇ ತೆರಿಗೆ. ರಾಗಿ ಬಿತ್ತೋಕೆ ಅರ್ಧ ಎಕರೆ ಉಳಿಸಿಕೊಂಡವನು ಟ್ರ್ಯಾಕ್ಟರ್ ಕರೆದರೆ ಗಂಟೆ ಲೆಕ್ಕದಲ್ಲಿ ಮತ್ತೆ ಅದೇ.

"ಪೆಟ್ರೋಲ್ ತೆರಿಗೆ ಕಾರಿನೋರ ಮೇಲಿನ ತೆರಿಗೆ ಸಾರ್, ಪರಿಸರಕ್ಕೂ ಒಳ್ಳೇದು" ಅಂತ ನನ್ನ ಹತ್ತಿರ ವಾದ ಮಾಡೋ ಸ್ನೇಹಿತರಿದ್ದಾರೆ. ಒಳ್ಳೆ ಮನಸ್ಸಿನವರೇ. ಅವರಿಗೆ ಒಂದು ಅಂಕಿ: ಪೆಟ್ರೋಲಿಯಂ ಸಚಿವಾಲಯದ ಪಿಪಿಎಸಿ 2014ರಲ್ಲಿ ಹೊರತಂದ ಸಮೀಕ್ಷೆ ಪ್ರಕಾರ ದೇಶದ ಪೆಟ್ರೋಲಿನಲ್ಲಿ ಶೇ 61ಕ್ಕಿಂತ ಹೆಚ್ಚು ಕುಡಿಯೋದು ದ್ವಿಚಕ್ರ ವಾಹನಗಳು. ಗಾರೆ ಕೆಲಸದವನ ಟಿವಿಎಸ್ ಎಕ್ಸೆಲ್, ಸೊಪ್ಪು ಮಾರೋನ ಹಳೇ ಬೈಕು, ಡೆಲಿವರಿ ಹುಡುಗರ ಸ್ಕೂಟರು. ಪರಿಸರ ಉಳಿಸೋ ಬಾಬ್ತನ್ನೂ ನಮ್ಮ ಹುಡುಗರ ತಲೆಗೇ ಕಟ್ಟಿದ್ದಾರೆ.

ನ್ಯಾಯವಾಗಿ ಹೇಳಬೇಕು ಅಂದರೆ ನಡುವೆ ಒಂದಷ್ಟು ಕಾಲ ಬೇರೆ ಥರ ಇತ್ತು. 1973ರಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿ ಹಿಡಿದಾಗ ಇಂದಿರಾ ಗಾಂಧಿ ಸರ್ಕಾರ ಪೆಟ್ರೋಲ್ ರೇಟು ಸಿಕ್ಕಾಪಟ್ಟೆ ಏರಿಸಿತು. ವಾಜಪೇಯಿ ಎತ್ತಿನ ಗಾಡಿಯಲ್ಲಿ ಪಾರ್ಲಿಮೆಂಟಿಗೆ ಬಂದರು. (ಅವರ ಪಕ್ಷದವರು ಈಗ ಎತ್ತಿನ ಗಾಡಿ ಎಲ್ಲಿ ನಿಲ್ಲಿಸಿದ್ದಾರೋ!) ಆಮೇಲಿನ ಇಪ್ಪತ್ತೈದು ಮೂವತ್ತು ವರ್ಷ ಸರ್ಕಾರವೇ ರೇಟು ಕಟ್ಟುತ್ತಿತ್ತು. ಪೆಟ್ರೋಲಿಗೆ ಜಾಸ್ತಿ ಹಾಕಿ ಆ ದುಡ್ಡಲ್ಲಿ ಸೀಮೆಎಣ್ಣೆ, ಗ್ಯಾಸನ್ನ ಅಗ್ಗ ಇಡೋ ಏರ್ಪಾಡು. ರೇಷನ್ ಅಂಗಡಿಯ ನೀಲಿ ಸೀಮೆಎಣ್ಣೆ ಅದೇ. ಅದರಲ್ಲಿ ಕಳ್ಳತನ ಬೇಕಾದಷ್ಟು ಇತ್ತು, ಕಾರ್ಡು ನಮ್ಮದು, ಎಣ್ಣೆ ಲಾರಿ ಟ್ಯಾಂಕಿಗೆ ಹೋಗ್ತಿತ್ತು. ಆದರೂ ಅಮ್ಮನ ಸ್ಟವ್ ಹತ್ತುತ್ತಿತ್ತು.

2002ರ ಏಪ್ರಿಲ್‌ನಲ್ಲಿ ಆ ಏರ್ಪಾಡನ್ನ ಬಿಚ್ಚಿದರು. ಪೆಟ್ರೋಲ್ ರೇಟನ್ನ 2010ರ ಜೂನ್‌ನಲ್ಲಿ ಮನಮೋಹನ್ ಸಿಂಗ್ ಸರ್ಕಾರ ಮಾರುಕಟ್ಟೆಗೆ ಬಿಟ್ಟಿತು, ಡೀಸೆಲ್ಲನ್ನ 2014ರ ಅಕ್ಟೋಬರ್‌ನಲ್ಲಿ ಮೋದಿ ಸರ್ಕಾರ ಬಿಟ್ಟಿತು. 2016ರ ಜುಲೈನಿಂದ ರೇಷನ್ ಸೀಮೆಎಣ್ಣೆಗೆ 25 ಪೈಸೆ, 25 ಪೈಸೆ ಅಂತ ಏರಿಸ್ತಾ ಹೋದರು. ಸದ್ದಿಲ್ಲ, ಸುದ್ದಿ ಇಲ್ಲ. 2020ರ ಮಾರ್ಚ್ ಹೊತ್ತಿಗೆ ಸಬ್ಸಿಡಿ ಸೊನ್ನೆ. 25 ಪೈಸೆಗೆ ಯಾರು ಧರಣಿ ಕೂರ್ತಾರೆ?

ಮಾರುಕಟ್ಟೆಗೆ ಬಿಟ್ಟರೆ ರೇಟು ಏರಿದಾಗ ಏರುತ್ತೆ, ಇಳಿದಾಗ ಇಳಿಯುತ್ತೆ ಅಂದಿದ್ದರು. 2014ರ ಏಪ್ರಿಲ್‌ನಲ್ಲಿ ಲೀಟರ್ ಪೆಟ್ರೋಲಿಗೆ ಕೇಂದ್ರದ ಎಕ್ಸೈಸ್ 9 ರೂಪಾಯಿ 48 ಪೈಸೆ, ಡೀಸೆಲ್‌ಗೆ 3 ರೂಪಾಯಿ 56 ಪೈಸೆ. ಆ ವರ್ಷದ ಕೊನೆಗೆ ಕಚ್ಚಾತೈಲ ದಬದಬ ಬಿತ್ತು. 2014ರ ನವೆಂಬರ್‌ನಿಂದ 2016ರ ಜನವರಿವರೆಗೆ ಒಂಬತ್ತು ಸಲ ಎಕ್ಸೈಸ್ ಏರಿಸಿದರು. ಇಳಿದದ್ದೆಲ್ಲ ಅಲ್ಲೇ ಹೀರಿಕೊಂಡರು.

ಆಮೇಲೆ 2020. ಇದನ್ನ ನಾನು ಮರೆಯಲ್ಲ. ಲಾಕ್‌ಡೌನ್ ಆದ ವಾರ ನನ್ನ ಚಿಕ್ಕಪ್ಪನ ಮಗ ಬೆಂಗಳೂರಿಂದ ಹೆಂಡತಿ, ಎರಡು ಮಕ್ಕಳ ಜೊತೆ ನಡೆದೇ ಊರಿಗೆ ಬಂದ. ಕಾಲಿನ ಬೊಬ್ಬೆ ಒಡೆದು ಚಪ್ಪಲಿಗೆ ಅಂಟಿಕೊಂಡಿತ್ತು. ಏಪ್ರಿಲ್‌ನಲ್ಲಿ ನಮ್ಮ ದೇಶ ಕೊಳ್ಳೋ ಕಚ್ಚಾತೈಲ ಬ್ಯಾರೆಲ್ಲಿಗೆ 20 ಡಾಲರ್ ಹತ್ತಿರಕ್ಕೆ ಬಿದ್ದಿತ್ತು. ಮೇ 5ರ ರಾತ್ರಿ ಕೇಂದ್ರ ಸರ್ಕಾರ ಪೆಟ್ರೋಲಿಗೆ 10 ರೂಪಾಯಿ, ಡೀಸೆಲ್ಲಿಗೆ 13 ರೂಪಾಯಿ ಎಕ್ಸೈಸ್ ಹಾಕಿತು. ಜನ ಇನ್ನೂ ಹೆದ್ದಾರಿಯಲ್ಲಿ ನಡೀತಾನೇ ಇದ್ದರು. ಪೆಟ್ರೋಲ್ ಮೇಲಿನ ಎಕ್ಸೈಸ್ 32 ರೂಪಾಯಿ 98 ಪೈಸೆ ಆಯ್ತು, ಡೀಸೆಲ್‌ದು 31 ರೂಪಾಯಿ 83 ಪೈಸೆ. ಆಗಲೂ ಇದೇ ಮಾತು: ಬಂಕಿನ ರೇಟು ಏರಲ್ಲ, ಕಂಪನಿಗಳು ನುಂಗಿಕೊಳ್ಳುತ್ತವೆ. ಜೂನ್ 7ರಿಂದ ಬಂಕಿನ ರೇಟು ದಿನಾ ಏರೋಕೆ ಶುರುವಾಯ್ತು. ಮಾರನೇ ವರ್ಷ ಬೆಂಗಳೂರಿನಲ್ಲಿ ಪೆಟ್ರೋಲ್ ನೂರು ದಾಟಿತು.

ಚಿಕ್ಕಪ್ಪನ ಮಗ ವಾಪಸ್ ಕೆಲಸಕ್ಕೆ ಹೋದಾಗ ಬಸ್ಸಿಗೆ ಹೆದರಿ ಹಳೇ ಎಕ್ಸೆಲ್ ಗಾಡಿ ತಗೊಂಡ. ದಿನಕ್ಕೆ ಒಂದು ಲೀಟರ್. ವರ್ಷಕ್ಕೆ ಮುನ್ನೂರು ದಿನ ಕೆಲಸ ಅಂದರೆ ಕೇಂದ್ರಕ್ಕೇ 9,900 ರೂಪಾಯಿ ಹತ್ತಿರ ಕಟ್ಟಿದ್ದಾನೆ, ರಾಜ್ಯದ್ದು ಬೇರೆ. ಅವನನ್ನ ತೆರಿಗೆದಾರ ಅಂತ ಯಾರೂ ಕರೆಯಲ್ಲ. "ನಮ್ ಟ್ಯಾಕ್ಸ್ ದುಡ್ಡಲ್ಲಿ ನಿಮಗೆ ಮೀಸಲಾತಿ, ಸ್ಕಾಲರ್‌ಶಿಪ್" ಅಂತ ಅವನಿಗೇ ಹೇಳ್ತಾರೆ. ಅದಕ್ಕೂ ಹಿಂದಿನ ವರ್ಷ, 2019ರ ಸೆಪ್ಟೆಂಬರ್‌ನಲ್ಲಿ, ಕಂಪನಿಗಳ ತೆರಿಗೆಯನ್ನ ಶೇ 30ರಿಂದ 22ಕ್ಕೆ ಇಳಿಸಿದ್ದರು. ವರ್ಷಕ್ಕೆ 1 ಲಕ್ಷ 45 ಸಾವಿರ ಕೋಟಿ ಕೈಬಿಟ್ಟು ಹೋಗುತ್ತೆ ಅಂತ ಸರ್ಕಾರವೇ ಹೇಳಿತ್ತು. ಇತ್ತ ಪೆಟ್ರೋಲಿಯಂ ಮೇಲಿನ ಕೇಂದ್ರ ಎಕ್ಸೈಸ್ ವಸೂಲಿ 2014-15ರಲ್ಲಿ 99 ಸಾವಿರ ಕೋಟಿ ಇದ್ದದ್ದು 2020-21ರಲ್ಲಿ 3 ಲಕ್ಷ 72 ಸಾವಿರ ಕೋಟಿ ದಾಟಿತು. ಎರಡು ಅಂಕಿ ಅಕ್ಕಪಕ್ಕ ಇಟ್ಟು ನೋಡಿ.

ಮೊದಲು ಹೇಳಿದ ರಸ್ತೆ ನಿಧಿ ನೆನಪಿದೆಯಾ? ಇಲ್ಲಿದೆ ನೋಡಿ ಅಸಲಿ ಕತೆ. 2021ರ ಫೆಬ್ರವರಿ ಬಜೆಟ್ ಆದ ಮೇಲೆ ಲೀಟರ್ ಪೆಟ್ರೋಲಿನ 32 ರೂಪಾಯಿ 90 ಪೈಸೆ ಎಕ್ಸೈಸನ್ನ ಹೀಗೆ ಒಡೆದಿದ್ದರು: ಮೂಲ ಸುಂಕ 1 ರೂಪಾಯಿ 40 ಪೈಸೆ, ವಿಶೇಷ ಹೆಚ್ಚುವರಿ ಸುಂಕ 11 ರೂಪಾಯಿ, ಕೃಷಿ ಸೆಸ್ 2 ರೂಪಾಯಿ 50 ಪೈಸೆ, ರಸ್ತೆ ಮತ್ತು ಮೂಲಸೌಕರ್ಯ ಸೆಸ್ 18 ರೂಪಾಯಿ. ರಾಜ್ಯಗಳ ಜೊತೆ ಹಂಚಿಕೊಳ್ಳಬೇಕಾದದ್ದು ಮೂಲ ಸುಂಕ ಮಾತ್ರ. ಸೆಸ್, ಸರ್‌ಚಾರ್ಜ್ ಹಂಚಬೇಕಿಲ್ಲ ಅಂತ 2000ದ 80ನೇ ತಿದ್ದುಪಡಿಯಲ್ಲೇ ಬರೆದುಕೊಂಡಿದ್ದಾರೆ. ಹಣಕಾಸು ಆಯೋಗ ಹೇಳಿದ ಶೇ 41 ಅಂದರೆ ಆ 1.40ರಲ್ಲಿ 57 ಪೈಸೆ. ದೇಶದ ಎಲ್ಲ ರಾಜ್ಯಕ್ಕೂ ಸೇರಿ, ಮೂವತ್ಮೂರು ರೂಪಾಯಿಯಲ್ಲಿ ಐವತ್ತೇಳು ಪೈಸೆ! ರಸ್ತೆ ನಿಧಿಯಲ್ಲಿ ರಾಜ್ಯದ ರಸ್ತೆಗೂ ಸ್ವಲ್ಪ ಬರುತ್ತೆ, ಆದರೆ ಅದು ಅವರು ಕೊಟ್ಟಷ್ಟು. ಬಾಬಾಸಾಹೇಬರ ಪಿಎಚ್‌ಡಿ ಪುಸ್ತಕದ ವಿಷಯ ಇದೇ ತಾನೇ? ಯಾವ ಬಾಬ್ತು ಯಾರ ಕೈಲಿ.

ಇದು ನಮಗೆ ಯಾಕೆ ಬೇಕು ಅಂದರೆ, 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಪ್ರಕಾರ ರಾಜ್ಯದ ಅಭಿವೃದ್ಧಿ ಹಣದಲ್ಲಿ ನಮ್ಮ ಜನಸಂಖ್ಯೆಗೆ ತಕ್ಕ ಪಾಲು, ಶೇ 24.1, ನಮಗೆ ಬರಬೇಕು. ರಾಜ್ಯದ ಗಂಟು ಸಣ್ಣದಾದರೆ ನಮ್ಮ ಪಾಲೂ ಸಣ್ಣದು. ಹಾಸ್ಟೆಲ್ಲಿನ ಅನ್ನ, ಗಂಗಾ ಕಲ್ಯಾಣದ ಬೋರ್‌ವೆಲ್, ಎಲ್ಲವೂ.

ಅಂತ ರಾಜ್ಯ ಸರ್ಕಾರಕ್ಕೆ ಕ್ಲೀನ್ ಚಿಟ್ ಕೊಡ್ತಿಲ್ಲ. 2021ರ ನವೆಂಬರ್‌ನಲ್ಲಿ ಕೇಂದ್ರ ಎಕ್ಸೈಸ್ ಇಳಿಸಿದಾಗ ಬೊಮ್ಮಾಯಿ ಸರ್ಕಾರ ತನ್ನ ತೆರಿಗೆಯಲ್ಲೂ 7 ರೂಪಾಯಿ ಇಳಿಸಿತ್ತು, ಉಪಚುನಾವಣೆಯ ಪೆಟ್ಟು ಬಿದ್ದ ವಾರ ಅದು. ಲೋಕಸಭಾ ಚುನಾವಣೆ ಮುಗಿದು ಹತ್ತೇ ದಿನಕ್ಕೆ, 2024ರ ಜೂನ್ 15ಕ್ಕೆ, ಸಿದ್ದರಾಮಯ್ಯ ಸರ್ಕಾರ ಪೆಟ್ರೋಲ್ ತೆರಿಗೆಯನ್ನ ಶೇ 25.92ರಿಂದ 29.84ಕ್ಕೆ ಏರಿಸಿತು, ಡೀಸೆಲ್‌ದನ್ನೂ ಏರಿಸಿತು. 2025ರಲ್ಲಿ ಮತ್ತೆ ಡೀಸೆಲ್. ಗ್ಯಾರಂಟಿಗೆ ದುಡ್ಡು ಬೇಕು ಅಂತಾರೆ. ಗ್ಯಾರಂಟಿ ಬೇಡ ಅನ್ನೋನಲ್ಲ ನಾನು, ಶಕ್ತಿ ಬಸ್ಸಿನಿಂದ ನಮ್ಮ ಹೆಣ್ಣುಮಕ್ಕಳು ತಾಲೂಕು ಆಸ್ಪತ್ರೆಗೆ ಯಾರನ್ನೂ ಕೇಳದೆ ಹೋಗಿ ಬರ್ತಿದ್ದಾರೆ, ಅದು ಸಣ್ಣದಲ್ಲ. ಆದರೆ ಗ್ಯಾರಂಟಿಗೆ ಎಸ್‌ಸಿಎಸ್‌ಪಿ-ಟಿಎಸ್‌ಪಿಯಿಂದ 2023-24ರಲ್ಲೇ 11 ಸಾವಿರ ಕೋಟಿ ಎತ್ತಿದ್ದಾರೆ, ಮೇಲಿಂದ ಡೀಸೆಲ್ ತೆರಿಗೆಯನ್ನೂ ನಮ್ಮ ಹತ್ತಿರವೇ ವಸೂಲಿ ಮಾಡ್ತಿದ್ದಾರೆ. ಒಂದೇ ಊಟಕ್ಕೆ ನಮ್ಮ ಹತ್ತಿರ ಎರಡು ಸಲ ಬಿಲ್ಲು.

ಗ್ಯಾಸಿನ ಬಗ್ಗೆ ಜಾಸ್ತಿ ಬರೆಯಲ್ಲ, ಪೋಸ್ಟು ಆಗಲೇ ಉದ್ದ ಆಯ್ತು. 2016ರಲ್ಲಿ ಉಜ್ವಲ ಬಂದಾಗ ಹಟ್ಟಿಯಲ್ಲಿ ಸಿಲಿಂಡರಿಗೆ ಕುಂಕುಮ ಇಟ್ಟು ಪೂಜೆ ಮಾಡಿದ್ದರು. 2020ರ ಮೇ ಆದ ಮೇಲೆ ಸಬ್ಸಿಡಿ ನಿಂತೋಯ್ತು, ರೇಟು ಸಾವಿರ ದಾಟಿತು. 2022ರಲ್ಲಿ ಉಜ್ವಲದವರಿಗೆ 200, ಆಮೇಲೆ 300 ರೂಪಾಯಿ ಅಂತ ವಾಪಸ್ ಕೊಟ್ಟರು. ಅಷ್ಟರಲ್ಲಿ ನಮ್ಮ ಅತ್ತಿಗೆಯಂಥವರು ಸೌದೆಗೆ ವಾಪಸ್ ಹೋಗಿಯಾಗಿತ್ತು. ಅವರ ಮನೆಯಲ್ಲಿ ಸಿಲಿಂಡರ್ ಈಗಲೂ ಇದೆ, ನೆಂಟರು ಬಂದಾಗ ಹಚ್ಚೋಕೆ.

ಕೊನೆಗೆ ಒಂದು ಸುದ್ದಿ. ಈ 14ಕ್ಕೆ ಜಯಂತಿಗೆ ನಮ್ಮ ಹಟ್ಟಿಯ ಹುಡುಗರು ಡಿಜೆ ತರೋದು ಅಂತ ಇತ್ತು. ಜನರೇಟರ್‌ನವನು ಡೀಸೆಲ್ ರೇಟು ಹೇಳಿ ಎರಡು ಸಾವಿರ ಜಾಸ್ತಿ ಕೇಳಿದ. ಡಿಜೆ ಕ್ಯಾನ್ಸಲ್, ತಮಟೆ ಗ್ಯಾರಂಟಿ. ತಮಟೆ ನಿಂತ ಮೇಲೆ ಬಾಬಾಸಾಹೇಬರ ಆ 1927ರ ಭಾಷಣವನ್ನ ಕನ್ನಡದಲ್ಲಿ ಓದಿ ಹೇಳ್ತೀನಿ ಅಂತ ಒಪ್ಪಿಕೊಂಡಿದ್ದೀನಿ. ಟಾಟಾ ಏಸ್‌ನ ದೊಡ್ಡಮ್ಮನನ್ನೂ ಕರೆದಿದ್ದೀನಿ. "ಬತ್ತೀನಪ್ಪಾ, ಆದ್ರೆ ಬೇಗ ಮುಗ್ಸು, ಬೆಳಿಗ್ಗೆ ಗಾಡಿ ಐತೆ" ಅಂದಿದ್ದಾರೆ. ಸಂಜೆ ಆರೂವರೆಗೆ, ಹಟ್ಟಿಯ ಮುಂದಿನ ಕಟ್ಟೆ. ಹತ್ತಿರದಲ್ಲಿರೋರು ಬನ್ನಿ.

ಜೈ ಭೀಮ್.